ಬಾರ್ಬಡೋಸ್‌ನ ಬೀಚ್ ಯಾರದ್ದು?

2024ರ ಜೂನ್ 29. ಟಿ20 ವಿಶ್ವಕಪ್ ಫೈನಲ್. ದಕ್ಷಿಣ ಆಫ್ರಿಕಾವನ್ನು ಭಾರತ 7 ರನ್‌ನಿಂದ ಸೋಲಿಸಿತು. 2007ರಲ್ಲಿ ಇದೇ ವೆಸ್ಟ್ ಇಂಡೀಸ್‌ಗೆ ಕ್ಯಾಪ್ಟನ್ ಆಗಿ ಹೋಗಿ ಮೊದಲ ಸುತ್ತಲ್ಲೇ ವಾಪಸ್ ಬಂದಿದ್ದ ನಮ್ಮ ದ್ರಾವಿಡ್, ಹದಿನೇಳು ವರ್ಷ ಆದ್ಮೇಲೆ ಕೋಚ್ ಆಗಿ ಕಪ್ ಹಿಡಿದು ಕಿರುಚಿದ್ದು ಯಾರಿಗೆ ತಾನೇ ಮರೆತಿದೆ? ಆ ಮ್ಯಾಚ್ ನಡೆದದ್ದು ಬಾರ್ಬಡೋಸ್‌ನ ರಾಜಧಾನಿ ಬ್ರಿಜ್‌ಟೌನ್‌ನ ಕೆನ್ಸಿಂಗ್ಟನ್ ಓವಲ್‌ನಲ್ಲಿ. ಆಮೇಲೆ ಬೆರಿಲ್ ಚಂಡಮಾರುತ ಬಂದು ಏರ್‌ಪೋರ್ಟ್ ಮುಚ್ಚಿ, ಗೆದ್ದ ಟೀಮ್ ಕೆಲವು ದಿನ ಅಲ್ಲೇ ಸಿಕ್ಕಿಹಾಕಿಕೊಂಡಿತ್ತು.

ವೆಸ್ಟ್ ಇಂಡೀಸ್‌ನಲ್ಲಿ ಮ್ಯಾಚ್ ನಡೆದಾಗೆಲ್ಲ ಟಿವಿಯವರು ಓವರ್‌ಗಳ ನಡುವೆ ಸಮುದ್ರ ತೋರಿಸ್ತಾರೆ. ತಿಳಿನೀಲಿ ನೀರು, ಬಿಳಿ ಮರಳು, ಬಾಗಿದ ತೆಂಗಿನ ಮರ. ನೋಡಿದವರಿಗೆ "ಇದೆಲ್ಲ ದುಡ್ಡಿರೋರಿಗೆ, ರೆಸಾರ್ಟ್‌ನವರ ಬೀಚ್" ಅನಿಸೋದು ಸಹಜ. ಆದರೆ ಬಾರ್ಬಡೋಸ್‌ನಲ್ಲಿ ಪ್ರೈವೇಟ್ ಬೀಚ್ ಅನ್ನೋದೇ ಇಲ್ಲ. ಎಷ್ಟೇ ದೊಡ್ಡ ಹೋಟೆಲ್ ಆಗಿರಲಿ, ಅದರ ಮುಂದಿನ ಒದ್ದೆ ಮರಳಿನ ಮೇಲೆ ಯಾರು ಬೇಕಾದರೂ ಟವೆಲ್ ಹಾಸಿಕೊಂಡು ಕೂರಬಹುದು.

ಕೇಳೋಕೆ ಚೆನ್ನಾಗಿದೆ. ಆದರೆ ಕಾನೂನಿನಲ್ಲಿ "ಬೀಚ್ ಎಲ್ಲರದ್ದು" ಅಂತ ಇದ್ದ ಮಾತ್ರಕ್ಕೆ ಬೀಚ್ ಎಲ್ಲರದ್ದಾಗುತ್ತಾ? ಅಲ್ಲಿಗೆ ಹೋಗೋಕೆ ದಾರಿ ಬೇಕು. ಹೋದ ಮೇಲೆ ನಿಲ್ಲೋಕೆ ಮರಳು ಇರಬೇಕು. ಇಳಿಯೋಕೆ ನೀರು ಚೊಕ್ಕಟವಾಗಿರಬೇಕು. ಈ ಮೂರರಲ್ಲಿ ಒಂದು ಕೈಕೊಟ್ಟರೂ ಕಾನೂನು ಕಾಗದದ ಮೇಲೇ ಉಳಿಯುತ್ತೆ. ಅದಕ್ಕೇ ಬಾರ್ಬಡೋಸ್‌ನ ಜನ ದಿನಾ ಹೋಗೋ ಒಂದು ಸಾಮಾನ್ಯ ಬೀಚ್ ಇಟ್ಟುಕೊಂಡು, ಒಂದು ಬೀಚ್ ಸಾರ್ವಜನಿಕವಾಗಿ ಉಳಿಯೋದರ ಹಿಂದೆ ಏನೆಲ್ಲ ಇರುತ್ತೆ ಅಂತ ನೋಡೋಣ. ಸಿವಿಲ್ ಬ್ರ್ಯಾಂಚ್‌ನವರು ಕಾಲರ್ ಏರಿಸಿಕೊಳ್ಳೋ ಜಾಗಗಳೂ ಮಧ್ಯದಲ್ಲಿ ಬರುತ್ತವೆ.

ಮೊದಲು ದ್ವೀಪದ ಬಗ್ಗೆ ಎರಡು ಮಾತು

ಬಾರ್ಬಡೋಸ್ ಪುಟ್ಟ ದೇಶ. ಉದ್ದ ಸುಮಾರು 34 ಕಿಲೋಮೀಟರ್, ಅಗಲ 23. ಜನಸಂಖ್ಯೆ ಮೂರು ಲಕ್ಷಕ್ಕಿಂತ ಕಡಿಮೆ. 1627ರಲ್ಲಿ ಇಂಗ್ಲಿಷರು ಬಂದು ನೆಲೆಸಿದರು. ಆಫ್ರಿಕಾದಿಂದ ಹಿಡಿದು ತಂದ ಜನರನ್ನು ಗುಲಾಮರನ್ನಾಗಿಸಿ ಕಬ್ಬು ಬೆಳೆಸಿದರು. ಇವತ್ತಿನ ಬಾರ್ಬಡೋಸ್‌ನ ಬಹುಪಾಲು ಜನ ಅವರ ವಂಶಸ್ಥರೇ. 1966ರ ನವೆಂಬರ್ 30ರಂದು ಸ್ವಾತಂತ್ರ್ಯ ಬಂತು. 2021ರಲ್ಲಿ ಅದೇ ತಾರೀಖಿಗೆ ಬ್ರಿಟಿಷ್ ರಾಣಿಯನ್ನು ಬಿಟ್ಟು ಗಣರಾಜ್ಯವಾಯಿತು. ಊರಿನವರು ತಮ್ಮನ್ನು ತಾವು "ಬೇಜನ್" ಅಂತ ಕರೆದುಕೊಳ್ತಾರೆ.

ಭೂಗೋಳ ಗೊತ್ತಿದ್ದರೆ ಬೀಚ್ ಅರ್ಥ ಆಗೋದು ಸುಲಭ. ದ್ವೀಪದ ಪಶ್ಚಿಮಕ್ಕೆ ಕೆರಿಬಿಯನ್ ಸಮುದ್ರ, ಪೂರ್ವಕ್ಕೆ ಅಟ್ಲಾಂಟಿಕ್ ಸಾಗರ. ಅಲ್ಲಿ ಗಾಳಿ ವರ್ಷದ ಬಹುಪಾಲು ಪೂರ್ವದಿಂದಲೇ ಬೀಸುತ್ತೆ. ಪೂರ್ವ ತೀರದಿಂದ ಹೊರಟರೆ ಆಫ್ರಿಕಾ ಮುಟ್ಟೋವರೆಗೂ ಮಧ್ಯದಲ್ಲಿ ಒಂದು ತುಂಡು ನೆಲ ಸಿಗಲ್ಲ. ಅಷ್ಟು ದೂರ ಗಾಳಿಯಿಂದ ಶಕ್ತಿ ತುಂಬಿಸಿಕೊಂಡ ಅಲೆ ಪೂರ್ವ ತೀರಕ್ಕೆ ಬಂದು ಬಡಿಯುತ್ತೆ. ಪಶ್ಚಿಮ ತೀರ ದ್ವೀಪದ ಮರೆಯಲ್ಲಿರೋದರಿಂದ ಅಲ್ಲಿ ನೀರು ಹೆಚ್ಚಾಗಿ ಶಾಂತ. ಅದಕ್ಕೇ ದುಬಾರಿ ಹೋಟೆಲ್, ವಿಲ್ಲಾ ಎಲ್ಲ ಪಶ್ಚಿಮದಲ್ಲಿ. ದಕ್ಷಿಣ ತೀರ ಎರಡರ ಮಧ್ಯದ್ದು. ಅಲೆ ಇರುತ್ತೆ, ಆದರೆ ಹೆದರಿಸುವಷ್ಟಲ್ಲ. ಊರಿನ ಜನ ಹೆಚ್ಚು ಸೇರೋ ಬೀಚ್‌ಗಳಲ್ಲಿ ಹಲವು ಈ ದಕ್ಷಿಣ ತೀರದಲ್ಲೇ ಇವೆ. ಅವುಗಳಲ್ಲಿ ಒಂದು ರಾಕ್ಲಿ ಬೀಚ್. ಜನರ ಬಾಯಲ್ಲಿ ಅದು ಅಕ್ರಾ ಬೀಚ್.

ಅಕ್ರಾಕ್ಕೆ ಹೋಗೋದು ಹೇಗೆ

ಬ್ರಿಜ್‌ಟೌನ್‌ನಿಂದ ಬಸ್ ಹತ್ತಿದರೆ ಆಯ್ತು. ಅಲ್ಲಿ ಮೂರು ಥರದ ಬಸ್‌ಗಳಿವೆ. ನೀಲಿ ಬಣ್ಣದ ಮೇಲೆ ಹಳದಿ ಪಟ್ಟಿ ಇರೋದು ಸರ್ಕಾರದ ಬಸ್. ಹಳದಿ ಮೇಲೆ ನೀಲಿ ಪಟ್ಟಿ ಇರೋದು ಖಾಸಗಿ ಮಿನಿಬಸ್. ಬಿಳಿ ಬಣ್ಣಕ್ಕೆ ಮರೂನ್ ಪಟ್ಟಿ ಇರೋದು ಝಡ್‌ಆರ್ ವ್ಯಾನ್. ನಂಬರ್ ಪ್ಲೇಟ್ ಝಡ್‌ಆರ್ ಅಂತ ಶುರುವಾಗೋದರಿಂದ ಅದೇ ಹೆಸರಾಗಿಬಿಟ್ಟಿದೆ. ನಮ್ಮ ಕಡೆಯ ಟೆಂಪೋ, ಮ್ಯಾಕ್ಸಿ ಕ್ಯಾಬ್ ನೆನಪಿಸಿಕೊಳ್ಳಿ. ಜೋರು ಮ್ಯೂಸಿಕ್, ಸೀಟಿಗಿಂತ ಜಾಸ್ತಿ ಜನ, "ಇನ್ನೂ ಒಬ್ಬರು ಕೂರಬಹುದು" ಅನ್ನೋ ಕಂಡಕ್ಟರ್, ಎಲ್ಲ ಸೇಮ್.

ಟಿಕೆಟ್ 3.50 ಬಾರ್ಬಡೋಸ್ ಡಾಲರ್. 2019ರಿಂದ ಈ ದರ. ಅವರ ಎರಡು ಡಾಲರ್ ಅಮೆರಿಕದ ಒಂದು ಡಾಲರ್‌ಗೆ ಸಮ, ಹಾಗಾಗಿ ನಮ್ಮ ಲೆಕ್ಕದಲ್ಲಿ ಸುಮಾರು 150 ರೂಪಾಯಿ. ಇದರಲ್ಲಿ ಒಂದು ಮಜಾ ಇದೆ: ಮುಂದಿನ ಸ್ಟಾಪ್‌ನಲ್ಲಿ ಇಳಿದರೂ, ಆ ಬಸ್‌ನ ಕೊನೇ ಸ್ಟಾಪ್‌ವರೆಗೆ ಹೋದರೂ ಅಷ್ಟೇ ದುಡ್ಡು. ಬಸ್ ಸ್ಟಾಪ್ ಬೋರ್ಡ್‌ಗಳ ಮೇಲೆ ಊರಿನ ಹೆಸರು ಇರಲ್ಲ. "ಸಿಟಿ ಕಡೆಗೆ" ಇಲ್ಲ "ಸಿಟಿಯಿಂದ ಹೊರಗೆ" ಅಂತ ಎರಡೇ ಬರಹ. ಅಷ್ಟು ಪುಟ್ಟ ದೇಶಕ್ಕೆ ಅದೇ ಸಾಕು.

ಬಸ್ ವಿಷಯ ಇಷ್ಟು ಯಾಕೆ ಹೇಳಿದೆ ಅಂದರೆ, ಅಕ್ರಾ ಬೀಚ್ ಇರೋದು ಈ ಬಸ್ ಓಡಾಡೋ ಮುಖ್ಯ ರಸ್ತೆಯ ಪಕ್ಕದಲ್ಲೇ. ಬಸ್ ಇಳಿದರೆ ಮರಳು. ಕಾರ್ ಬೇಡ, ಹೋಟೆಲ್ ರೂಮ್ ಬೇಡ, ಎಂಟ್ರಿ ಟಿಕೆಟ್ ಇಲ್ಲ. ಶಾಲೆ ಮುಗಿಸಿದ ಮಕ್ಕಳು, ಕೆಲಸ ಮುಗಿಸಿದ ನರ್ಸು, ರಿಟೈರ್ ಆದ ಮೇಷ್ಟ್ರು ಎಲ್ಲರಿಗೂ ಅದು ಎಟಕುತ್ತೆ. ಮೊದಲ ಷರತ್ತು, ಅಂದರೆ ದಾರಿ, ಇಲ್ಲಿ ತಾನಾಗೇ ಪೂರ್ತಿಯಾಗಿದೆ.

ಅಲ್ಲಿ ಹೋದ ಮೇಲೆ

ಬೇಜನ್ ಜನ "ಈಜೋಕೆ ಹೋಗ್ತೀನಿ" ಅನ್ನೋದಕ್ಕಿಂತ ಹೆಚ್ಚಾಗಿ "ಸೀ ಬಾತ್‌ಗೆ ಹೋಗ್ತೀನಿ" ಅಂತಾರೆ. ಸಮುದ್ರ ಸ್ನಾನ. ಬೆಳಗಿನ ಜಾವ, ಬಿಸಿಲೇರೋ ಮೊದಲು, ವಯಸ್ಸಾದವರು ಗುಂಪಾಗಿ ಬಂದು ಎದೆಮಟ್ಟದ ನೀರಲ್ಲಿ ನಿಂತು ಹರಟೆ ಹೊಡೀತಾರೆ. ಕೀಲು ನೋವಿಗೆ, ಮನಸ್ಸಿನ ಭಾರಕ್ಕೆ ಎರಡಕ್ಕೂ ಸೀ ಬಾತ್ ಒಳ್ಳೇದು ಅನ್ನೋದು ಅಲ್ಲಿಯ ನಂಬಿಕೆ. ನಮ್ಮಲ್ಲಿ ಬೆಳಗ್ಗೆ ಪಾರ್ಕ್‌ನಲ್ಲಿ ವಾಕಿಂಗ್ ಗ್ಯಾಂಗ್ ಸೇರುತ್ತಲ್ಲ, ಅದರ ಉಪ್ಪುನೀರಿನ ಆವೃತ್ತಿ ಅನ್ನಿ. ಭಾನುವಾರ ಮತ್ತು ರಜಾದಿನಗಳಲ್ಲಿ ಮನೆಮಂದಿಯೆಲ್ಲ ಅಡುಗೆ ಕಟ್ಟಿಕೊಂಡು ಬರ್ತಾರೆ. ಮ್ಯಾಕರೋನಿ ಪೈ, ಹುರಿದ ಕೋಳಿ, ಅನ್ನ. ಅಂಗಡಿಯಲ್ಲಿ ತಿನ್ನೋದಾದರೆ ಫಿಶ್ ಕಟರ್ ಕೇಳಿ. "ಸಾಲ್ಟ್ ಬ್ರೆಡ್" ಅನ್ನೋ ಬನ್ ಒಳಗೆ ಹುರಿದ ಮೀನು ಇಟ್ಟು ಕೊಡ್ತಾರೆ. ವೆಜ್‌ನವರು ಎಳನೀರಿಗೆ ಶರಣಾಗಬಹುದು.

ಅಕ್ರಾದಲ್ಲಿ ಲೈಫ್‌ಗಾರ್ಡ್ ಇರ್ತಾರೆ. ಅವರನ್ನು ನೇಮಿಸೋದು ನ್ಯಾಷನಲ್ ಕನ್ಸರ್ವೇಷನ್ ಕಮಿಷನ್ ಅನ್ನೋ ಸರ್ಕಾರಿ ಸಂಸ್ಥೆ. ಬೀಚ್ ಗುಡಿಸೋದು, ಮರಳ ಮೇಲೆ ವ್ಯಾಪಾರ ಮಾಡೋರಿಗೆ ಲೈಸೆನ್ಸ್ ಕೊಡೋದು ಕೂಡ ಅದೇ. ಕುರ್ಚಿ, ಛತ್ರಿ ಬಾಡಿಗೆಗೆ ಸಿಗುತ್ತೆ. ಬಾಡಿಗೆ ಕುರ್ಚಿಗೆ ಮಾತ್ರ, ಅದರ ಕೆಳಗಿನ ಮರಳು ಫ್ರೀ.

ಹೋಗೋರು ತಿಳ್ಕೊಂಡಿರಬೇಕಾದ ಕೆಲವು ವಿಷಯಗಳೂ ಇವೆ. ಮಿಲಿಟರಿ ಡಿಸೈನಿನ ಕ್ಯಾಮೊಫ್ಲಾಜ್ ಬಟ್ಟೆ ಸಾಮಾನ್ಯ ಜನ ಹಾಕೋದು ಬಾರ್ಬಡೋಸ್‌ನಲ್ಲಿ ಅಪರಾಧ. ಮಕ್ಕಳಿಗೂ ವಿನಾಯಿತಿ ಇಲ್ಲ. ಈಜುಡುಗೆಯಲ್ಲೇ ಪೇಟೆಗೆ, ಅಂಗಡಿಗೆ ಹೋದರೆ ಜನ ಮುಖ ಸಿಂಡರಿಸ್ತಾರೆ. ಇನ್ನು ಕೆಲವು ಬೀಚ್‌ಗಳಲ್ಲಿ ಕಾಂಡಕ್ಕೆ ಕೆಂಪು ಪಟ್ಟಿ ಬಳಿದ ಮರ ಕಂಡರೆ ದೂರ ಇರಿ. ಅದು ಮ್ಯಾಂಚಿನೀಲ್. ಅದರ ಹಣ್ಣು ಪುಟ್ಟ ಹಸಿರು ಸೇಬಿನ ಥರ ಕಾಣುತ್ತೆ, ಆದರೆ ಕಚ್ಚಿದರೆ ಬಾಯಿ, ಗಂಟಲು ಸುಟ್ಟುಹೋಗುತ್ತೆ. ಹಾಲು ತಾಗಿದರೆ ಚರ್ಮದ ಮೇಲೆ ಬೊಬ್ಬೆ. ಮಳೆ ಬಂತು ಅಂತ ಅದರ ಕೆಳಗೆ ನಿಂತರೂ ಸಾಕು, ಎಲೆಯಿಂದ ಇಳಿದ ನೀರೇ ಚರ್ಮ ಸುಡುತ್ತೆ. ಹಾಗಂತ ಕಡಿದುಹಾಕಲ್ಲ ಯಾಕೆ? ಅದರ ಬೇರು ಮರಳನ್ನು ಹಿಡಿದಿಡುತ್ತೆ, ಅದಕ್ಕೇ.

ನೀರಿನ ಗೆರೆ ಮತ್ತು ಒಂದು ಹಾಡು

ಈಗ ಕಾನೂನಿನ ವಿಷಯ. ಬಾರ್ಬಡೋಸ್‌ನಲ್ಲಿ ಭರತದ ನೀರು ಮುಟ್ಟೋ ಗೆರೆಯಿಂದ ಕೆಳಗಿನ ನೆಲ ಸರ್ಕಾರದ್ದು, ಅಂದರೆ ಸಾರ್ವಜನಿಕರದ್ದು. ಗೆರೆಯಿಂದ ಮೇಲಿನ ಜಾಗ ಖಾಸಗಿಯವರದ್ದಾಗಿರಬಹುದು. ಇಲ್ಲೇ ತೊಡಕು ಶುರು. ಬೀಚ್ ನಿಮ್ಮದೇ, ಆದರೆ ರಸ್ತೆಗೂ ಬೀಚ್‌ಗೂ ನಡುವೆ ಒಂದರ ಪಕ್ಕ ಒಂದು ಹೋಟೆಲ್, ವಿಲ್ಲಾ, ಕಾಂಪೌಂಡ್ ಗೋಡೆ ಎದ್ದು ನಿಂತರೆ? ಹೆಲಿಕಾಪ್ಟರ್‌ನಲ್ಲಿ ಇಳೀಬೇಕಷ್ಟೆ. ಪಶ್ಚಿಮ ತೀರದಲ್ಲಿ ಎಷ್ಟೋ ಕಡೆ ರಸ್ತೆಯಲ್ಲಿ ಹೋಗೋರಿಗೆ ಸಮುದ್ರ ಕಾಣೋದೂ ಇಲ್ಲ. ಎರಡು ಗೋಡೆಗಳ ಮಧ್ಯೆ ಒಂದು ಸಣ್ಣ ಓಣಿ ಇದ್ದರೆ ಅದೇ ದಾರಿ. ಹಾಗಾಗಿ ಅಲ್ಲಿನ ಜಗಳ "ಬೀಚ್ ಯಾರದ್ದು" ಅನ್ನೋದಕ್ಕಿಂತ ಹೆಚ್ಚಾಗಿ "ಓಣಿ ತೆರೆದಿದೆಯಾ, ಮುಚ್ಚಿದೆಯಾ" ಅನ್ನೋದರ ಮೇಲೆ ನಡೆಯುತ್ತೆ.

ಇದರ ಹಿಂದೆ ಇತಿಹಾಸ ಇದೆ. ಕಬ್ಬಿನ ಕಾಲದಲ್ಲಿ ಮರಳು ನೆಲಕ್ಕೆ ಬೆಲೆ ಇರಲಿಲ್ಲ, ಅಲ್ಲಿ ಕಬ್ಬು ಬೆಳೆಯಲ್ಲ. ಬಡವರು, ಮೀನುಗಾರರು ತೀರದಲ್ಲಿ ಇದ್ದರು. ಇಪ್ಪತ್ತನೇ ಶತಮಾನದಲ್ಲಿ ಟೂರಿಸಂ ಬಂತು, ಅದೇ ನೆಲ ಚಿನ್ನವಾಯಿತು. ಕಬ್ಬಿನ ಗದ್ದೆಯಲ್ಲಿ ದುಡಿದವರ ಮೊಮ್ಮಕ್ಕಳಿಗೆ ತಮ್ಮದೇ ಸಮುದ್ರಕ್ಕೆ ಹೋಗೋಕೆ ಯಾರದೋ ಅನುಮತಿ ಬೇಕಾಗುತ್ತೇನೋ ಅನ್ನೋ ಭಯ ಹುಟ್ಟಿತು.

1982ರಲ್ಲಿ ಈ ಭಯಕ್ಕೆ ಧ್ವನಿ ಕೊಟ್ಟದ್ದು ಒಂದು ಕ್ಯಾಲಿಪ್ಸೋ. ಕೆರಿಬಿಯನ್‌ನ ಕ್ಯಾಲಿಪ್ಸೋ ಅಂದರೆ ಕುಣಿಯೋಕೆ ಬರೋ ತಾಳದಲ್ಲೇ ಅಧಿಕಾರದಲ್ಲಿರೋರ ಕಾಲೆಳೆಯೋ ಹಾಡು. ಮೈಟಿ ಗ್ಯಾಬಿ ಅನ್ನೋ ಬೇಜನ್ ಹಾಡುಗಾರ "ಜ್ಯಾಕ್" ಅನ್ನೋ ಹಾಡು ಹಾಡಿದರು. ಆಗಿನ ಪ್ರವಾಸೋದ್ಯಮ ಮಂಡಳಿಯ ಮುಖ್ಯಸ್ಥರನ್ನು ಎದುರಿಗಿಟ್ಟುಕೊಂಡು, ಬೀಚ್‌ಗಳು ಹೋಟೆಲ್‌ಗಳ ಪಾಲಾಗೋದನ್ನು ವಿರೋಧಿಸಿದ ಹಾಡು ಅದು. ಊರಿಗೆ ಊರೇ ಹಾಡಿತು. ಬೀಚ್ ಮೇಲೆ ಜನರ ಹಕ್ಕಿನ ಮಾತು ಬಂದಾಗ ಇವತ್ತಿಗೂ ಬಾರ್ಬಡೋಸ್‌ನಲ್ಲಿ ಮೊದಲು ನೆನಪಾಗೋದು ಆ ಹಾಡೇ.

ಎಲ್ಲ ಕೆರಿಬಿಯನ್ ದ್ವೀಪಗಳಲ್ಲೂ ಹೀಗೇ ಇದೆ ಅಂದ್ಕೋಬೇಡಿ. ಜಮೈಕಾದಲ್ಲಿ 1956ರ ಬೀಚ್ ಕಂಟ್ರೋಲ್ ಆಕ್ಟ್ ಅನ್ನೋ ವಸಾಹತು ಕಾಲದ ಕಾನೂನು ಇನ್ನೂ ಇದೆ. ಅದು ತೀರವನ್ನೂ ಸಮುದ್ರತಳವನ್ನೂ ಸರ್ಕಾರಕ್ಕೆ ಒಪ್ಪಿಸುತ್ತೆ, ಆದರೆ ಸಾಮಾನ್ಯ ಜನಕ್ಕೆ ಅಲ್ಲಿ ಹೋಗಿ ಈಜುವ ಹಕ್ಕು ಇದೆ ಅಂತ ಹೇಳಲ್ಲ. ತೀರದ ಜಾಗದವರು ಲೈಸೆನ್ಸ್ ತಗೊಂಡು ಬೀಚ್ ಬಳಸಬಹುದು. ಜಮೈಕಾದ ಬೀಚ್ ಹಕ್ಕಿನ ಹೋರಾಟಗಾರರು ಈಗ ಕೋರ್ಟ್ ಮೆಟ್ಟಿಲು ಹತ್ತಿರೋದು ಇದೇ ಕಾರಣಕ್ಕೆ. ಒಂದೇ ಸಮುದ್ರ, ಎರಡು ದೇಶ, ಎರಡು ಕಾನೂನು. ಟೂರಿಸ್ಟ್ ತೆಗೆದ ಫೋಟೋದಲ್ಲಿ ಎರಡೂ ಬೀಚ್ ಒಂದೇ ಥರ ಕಾಣುತ್ತೆ, ಅಲ್ಲೇ ಹುಟ್ಟಿದವರಿಗೆ ಮಾತ್ರ ವ್ಯತ್ಯಾಸ ಗೊತ್ತಾಗೋದು.

ಆ ಬಿಳಿ ಮರಳು ಎಲ್ಲಿಂದ ಬಂತು?

ಎರಡನೇ ಷರತ್ತು ಮರಳು. ಬಾರ್ಬಡೋಸ್‌ನ ಸುಮಾರು 85 ಶೇಕಡಾ ನೆಲದ ಮೇಲ್ಪದರ ಹವಳದ ಸುಣ್ಣಕಲ್ಲು. ದಕ್ಷಿಣ ಮತ್ತು ಪಶ್ಚಿಮದ ಮರಳು ಕೂಡ ಹೆಚ್ಚಾಗಿ ಅದೇ ಮೂಲದ್ದು: ಹವಳ, ಕಪ್ಪೆಚಿಪ್ಪು, ಸುಣ್ಣ ಕಟ್ಟುವ ಪಾಚಿಗಳ ಪುಡಿ. ಅಂದರೆ ಅಲ್ಲಿ ಮರಳು ತಯಾರಿಸೋ ಫ್ಯಾಕ್ಟರಿ ನೀರಿನೊಳಗಿನ ಹವಳದ ದಿಬ್ಬ, ಅದೇ ರೀಫ್.

ಆ ಫ್ಯಾಕ್ಟರಿಯ ಒಬ್ಬ ಮುಖ್ಯ ಕೆಲಸಗಾರ ಪ್ಯಾರಟ್‌ಫಿಶ್. ಗಿಣಿಯ ಕೊಕ್ಕಿನಂಥ ಹಲ್ಲಿರೋ ಬಣ್ಣದ ಮೀನು. ಹವಳದ ಕಲ್ಲಿನ ಮೇಲೆ ಬೆಳೆದ ಪಾಚಿಯನ್ನು ಕೆರೆದು ತಿನ್ನುವಾಗ ಕಲ್ಲಿನ ಚೂರೂ ಹೊಟ್ಟೆಗೆ ಹೋಗುತ್ತೆ. ಪಾಚಿ ಜೀರ್ಣವಾಗುತ್ತೆ, ಕಲ್ಲು ನುಣ್ಣಗೆ ಅರೆದು ಹಿಂದಿನಿಂದ ಹೊರಗೆ ಬರುತ್ತೆ. ಹೌದು, ಸರಿಯಾಗೇ ಓದಿದ್ರಿ. ಹನಿಮೂನ್ ಫೋಟೋಗಳ ಬಿಳಿ ಮರಳಿನಲ್ಲಿ ಒಂದಷ್ಟು ಪಾಲು ಮೀನಿನ ಕಕ್ಕಸು.

ರೀಫ್‌ಗೆ ಇನ್ನೊಂದು ಕೆಲಸವೂ ಇದೆ, ಅಲೆ ತಡೆಯೋದು. ಫ್ಲೂಯಿಡ್ಸ್ ಓದಿದವರಿಗೆ ಗೊತ್ತು, ಅಲೆಯ ಶಕ್ತಿ ಅದರ ಎತ್ತರದ ವರ್ಗಕ್ಕೆ ಅನುಪಾತದಲ್ಲಿರುತ್ತೆ. 2 ಮೀಟರ್ ಎತ್ತರದ ಅಲೆ ರೀಫ್ ಮೇಲೆ ಒಡೆದು 1 ಮೀಟರ್ ಆದರೆ, ಅದರ ಶಕ್ತಿ ಅರ್ಧ ಆಗಲ್ಲ, ಕಾಲು ಭಾಗಕ್ಕೆ ಇಳಿಯುತ್ತೆ. ಇನ್ನೂ ತಗ್ಗಿ ಅರ್ಧ ಮೀಟರ್ ಆದರೆ ಹದಿನಾರನೇ ಒಂದು ಭಾಗ. ರೀಫ್ ಒಂದೇ ಕಾಲಕ್ಕೆ ಮರಳು ಕೊಡುತ್ತೆ, ಕೊಟ್ಟ ಮರಳನ್ನು ಕಾಯುತ್ತೆ.

ಅದು ಸತ್ತರೆ ಎರಡೂ ನಿಲ್ಲುತ್ತೆ. ಸಮುದ್ರ ತೀರಾ ಬಿಸಿಯಾದಾಗ ಹವಳಗಳು ತಮ್ಮೊಳಗಿನ ಪಾಚಿಯನ್ನು ಹೊರಹಾಕಿ ಬೆಳ್ಳಗಾಗ್ತವೆ, ಬಿಸಿ ಇಳಿಯದಿದ್ದರೆ ಸಾಯ್ತವೆ. 2005ರಲ್ಲೂ 2023ರಲ್ಲೂ ಕೆರಿಬಿಯನ್ ಪೂರ್ತಿ ಹೀಗೆ ಬೆಳ್ಳಗಾಗಿತ್ತು. ಇದರ ಜೊತೆ ತೀರದ ಚರಂಡಿ ನೀರು, ಗೊಬ್ಬರ ಹೋಗಿ ಸೇರಿದರೆ ಪಾಚಿ ಬೆಳೆದು ಹವಳದ ಉಸಿರು ಕಟ್ಟುತ್ತೆ. ರೀಫ್ ಹಾಳಾದ ಪರಿಣಾಮ ಮರುದಿನವೇ ಬೀಚ್‌ನಲ್ಲಿ ಕಾಣಲ್ಲ. ವರ್ಷಗಳು ಹೋಗ್ತವೆ, ಆಮೇಲೆ ಒಂದು ದಿನ ನೋಡಿದರೆ ಬೀಚ್ ಸಣ್ಣಗಾಗಿರುತ್ತೆ.

ಗೋಡೆ ಕಟ್ಟಿದರೆ ಆಗಲ್ವಾ?

ಮರಳು ಕರಗಿದಾಗ ತೀರದಲ್ಲಿ ಮನೆ, ಹೋಟೆಲ್ ಇರೋರು ಮೊದಲು ಮಾಡೋ ಕೆಲಸ ಗೋಡೆ ಕಟ್ಟೋದು. ಅವರವರ ಜಾಗಕ್ಕೆ ಅವರವರ ಗೋಡೆ. ಇದರಿಂದ ಗೋಡೆ ಹಿಂದಿನ ಕಟ್ಟಡ ಉಳಿಯಬಹುದು, ಮುಂದಿನ ಬೀಚ್ ಉಳಿಯಲ್ಲ. ಇಳಿಜಾರಿನ ಮರಳ ಮೇಲೆ ಓಡಿಬಂದ ಅಲೆ ಸುಸ್ತಾಗಿ, ಸ್ವಲ್ಪ ನೀರು ಇಂಗಿ, ಮೆಲ್ಲಗೆ ವಾಪಸ್ ಹೋಗುತ್ತೆ. ನೇರ ಗೋಡೆಗೆ ಬಡಿದ ಅಲೆ ಹೆಚ್ಚುಕಡಿಮೆ ಅಷ್ಟೇ ಜೋರಲ್ಲಿ ತಿರುಗಿ, ಗೋಡೆಯ ಬುಡದ ಮರಳನ್ನು ಕೆರೆದುಕೊಂಡು ಹೋಗುತ್ತೆ. ಕೊನೆಗೆ ನೀರು ಸದಾ ಗೋಡೆಗೇ ತಾಗಿಕೊಂಡಿರುತ್ತೆ. ಆಗ "ಭರತದ ಗೆರೆಯ ಕೆಳಗೆ ಎಲ್ಲ ಸಾರ್ವಜನಿಕರದ್ದು" ಅನ್ನೋ ಕಾನೂನಿಗೆ ಏನು ಅರ್ಥ? ಗೆರೆ ಗೋಡೆಯ ಮೇಲೆ ಇದೆ, ಅದರ ಕೆಳಗಿರೋದು ನೀರು ಮಾತ್ರ. ಸಾರ್ವಜನಿಕರ ಆಸ್ತಿ ಯಾರೂ ಕಿತ್ತುಕೊಳ್ಳದೇ ಮಾಯವಾಗಿರುತ್ತೆ.

ಅಕ್ರಾದಿಂದ ಬ್ರಿಜ್‌ಟೌನ್ ಕಡೆಗೆ, ಹೇಸ್ಟಿಂಗ್ಸ್ ಅನ್ನೋ ಜಾಗದವರೆಗಿನ ತೀರದಲ್ಲಿ ಹೆಚ್ಚುಕಡಿಮೆ ಇದೇ ಪರಿಸ್ಥಿತಿ ಇತ್ತು. ಬಾರ್ಬಡೋಸ್ 1980ರ ದಶಕದಲ್ಲೇ ತನ್ನ ತೀರವನ್ನು ಅಳೆದು ಓದೋಕೆ ಶುರುಮಾಡಿದ ದೇಶ. ಅದಕ್ಕಂತಲೇ ಕೋಸ್ಟಲ್ ಝೋನ್ ಮ್ಯಾನೇಜ್‌ಮೆಂಟ್ ಯೂನಿಟ್ ಅನ್ನೋ ಇಲಾಖೆ ಇದೆ, 1998ರಲ್ಲಿ ಅದಕ್ಕೆ ಒಂದು ಕಾಯ್ದೆಯೂ ಬಂತು. ಮರಳು ತೀರದಲ್ಲಿ ಹೊಸ ಕಟ್ಟಡ ಭರತದ ಗೆರೆಯಿಂದ 30 ಮೀಟರ್ ಹಿಂದೆ ಇರಬೇಕು ಅನ್ನೋದು ಅಲ್ಲಿಯ ನಿಯಮ. ಇಂಟರ್ ಅಮೆರಿಕನ್ ಡೆವಲಪ್‌ಮೆಂಟ್ ಬ್ಯಾಂಕ್‌ನ ಸಾಲದಿಂದ ಇದೇ ಇಲಾಖೆ 2000ರ ದಶಕದ ಕೊನೆಗೆ ಹೇಸ್ಟಿಂಗ್ಸ್–ರಾಕ್ಲಿ ತೀರವನ್ನು ಮತ್ತೆ ಕಟ್ಟಿತು.

ಇದರ ಡಿಸೈನ್ ಸರಳ, ಆದರೆ ಜಾಣತನದ್ದು. ಒಂದೇ ಉದ್ದ ಗೋಡೆಯ ಬದಲು ದೊಡ್ಡ ಬಂಡೆಗಳ ಇಳಿಜಾರು ರಾಶಿ. ಬಂಡೆಗಳ ಸಂದಿಯಲ್ಲಿ ನುಗ್ಗಿದ ನೀರು ಅಲ್ಲೇ ಶಕ್ತಿ ಕಳ್ಕೊಳ್ಳುತ್ತೆ. ನಡುನಡುವೆ ಸಮುದ್ರಕ್ಕೆ ಚಾಚಿದ ಗಿಡ್ಡ ಮೂತಿಗಳು ಮತ್ತು ಬ್ರೇಕ್‌ವಾಟರ್‌ಗಳು. ಬ್ರೇಕ್‌ವಾಟರ್ ಅಂಚು ದಾಟಿದ ಅಲೆ ಬಾಗಿ ಹರಡುತ್ತೆ. ಹನ್ನೆರಡನೇ ಕ್ಲಾಸಿನ ಫಿಸಿಕ್ಸ್‌ನಲ್ಲಿ ಬೆಳಕಿಗೆ ಓದಿದ ಅದೇ ಡಿಫ್ರ್ಯಾಕ್ಷನ್. ಅದರ ಮರೆಯಲ್ಲಿ ನೀರು ನಿಧಾನವಾದಾಗ, ಹೊತ್ತು ತಂದ ಮರಳನ್ನು ಅಲ್ಲೇ ಇಳಿಸುತ್ತೆ. ಹೀಗೆ ಪುಟ್ಟ ಪುಟ್ಟ ಬೀಚ್‌ಗಳು ಮತ್ತೆ ಕೂತವು, ಮಕ್ಕಳು ಆಡೋಕೆ ಶಾಂತ ನೀರಿನ ಕೊಳಗಳಾದವು.

ಇದೆಲ್ಲದರ ಮೇಲೆ ಅವರು ಸುಮಾರು ಒಂದು ಕಿಲೋಮೀಟರ್‌ಗಿಂತ ಸ್ವಲ್ಪ ಹೆಚ್ಚು ಉದ್ದದ ಕಾಲುದಾರಿ ಮಾಡಿದರು. ಈಗ ಅದರ ಹೆಸರು ರಿಚರ್ಡ್ ಹೇನ್ಸ್ ಬೋರ್ಡ್‌ವಾಕ್. ನನಗೆ ಈ ಪ್ರಾಜೆಕ್ಟ್‌ನಲ್ಲಿ ಅತಿ ಇಷ್ಟವಾದ ಭಾಗ ಇದೇ. ಬೀಚ್‌ಗೆ ದಾರಿ ಅಂದರೆ ಎರಡು ಥರ ಇರುತ್ತೆ. ರಸ್ತೆಯಿಂದ ನೀರಿನವರೆಗೆ ಹೋಗೋದು ಒಂದು, ನೀರಿನ ಪಕ್ಕ ತೀರದುದ್ದಕ್ಕೂ ನಡೆಯೋದು ಇನ್ನೊಂದು. ಎರಡನೆಯದ್ದು ಇಲ್ಲಿ ಗೋಡೆಗಳಿಂದ ಕಟ್ಟಾಗಿತ್ತು. ಕೊರೆತ ತಡೆಯೋಕೆ ಹಾಕಿದ ಬಂಡೆಗಳ ಮೇಲೇ ಆ ದಾರಿ ವಾಪಸ್ ಬಂತು. ಹೋಟೆಲ್‌ಗಳ ಮುಂದೇನೇ ಹಾದುಹೋಗುತ್ತೆ. ಬೆಳಗ್ಗೆ ಐದೂವರೆಗೆ ಜಾಗಿಂಗ್ ಮಾಡೋರು, ಸಂಜೆ ವೀಲ್‌ಚೇರ್‌ನಲ್ಲಿ ಅಜ್ಜಿಯನ್ನು ತಳ್ಳಿಕೊಂಡು ಬರೋರು, ಯಾರಿಗೂ ಯಾರನ್ನೂ ಕೇಳೋ ಅಗತ್ಯ ಇಲ್ಲ. ಬ್ಯಾಂಕ್ ಸಾಲ ತೀರಿಸೋದು ಎಲ್ಲರ ತೆರಿಗೆ ಹಣದಿಂದ ತಾನೇ? ಹಾಗಿದ್ದಮೇಲೆ ಉಳಿದ ತೀರವೂ ಎಲ್ಲರಿಗೆ ಸಿಗಬೇಕು.

ನೀರಿನ ಕಥೆ

ಮೂರನೇ ಷರತ್ತಿನಲ್ಲಿ ಬಾರ್ಬಡೋಸ್ ಒಮ್ಮೆ ಎಡವಿತ್ತು. ದಕ್ಷಿಣ ತೀರದ ಒಳಚರಂಡಿ ವ್ಯವಸ್ಥೆ 2016ರ ಕೊನೆಯಿಂದ ಕೆಟ್ಟು, 2018ರವರೆಗೂ ಕಾಟ ಕೊಟ್ಟಿತು. ಮ್ಯಾನ್‌ಹೋಲ್ ಉಕ್ಕಿ ರಸ್ತೆಯಲ್ಲಿ ಕೊಳಚೆ ನೀರು ಹರಿಯಿತು. ಕೆಲವು ಬೀಚ್‌ಗಳಲ್ಲಿ ನೀರಿಗೆ ಇಳಿಯಬೇಡಿ ಅನ್ನಬೇಕಾಯಿತು. ವಿದೇಶಿ ಸರ್ಕಾರಗಳು ತಮ್ಮ ಪ್ರವಾಸಿಗರಿಗೆ ಎಚ್ಚರಿಕೆ ಕೊಟ್ಟವು. ಕಾನೂನು ಹಾಗೇ ಇತ್ತು, ಓಣಿ ತೆರೆದಿತ್ತು, ಮರಳೂ ಇತ್ತು. ಆದರೆ ರಸ್ತೆ ಕೆಳಗಿನ, ಯಾರ ಕಣ್ಣಿಗೂ ಬೀಳದ ಪೈಪ್ ಕೈಕೊಟ್ಟಾಗ ಬೀಚ್ ಯಾರದ್ದೂ ಅಲ್ಲದಂತಾಯಿತು. ಟೂರಿಸ್ಟ್ ಬೇರೆ ದ್ವೀಪಕ್ಕೆ ಟಿಕೆಟ್ ಬದಲಿಸಬಹುದು. ಅದೇ ಬೀದಿಯಲ್ಲಿ ಮನೆ, ಅಂಗಡಿ ಇರೋರು ಎಲ್ಲಿಗೆ ಹೋಗ್ತಾರೆ?

ಇನ್ನೊಂದು ಸಮಸ್ಯೆ ಸಮುದ್ರದಿಂದಲೇ ಬರುತ್ತೆ. 2011ರಿಂದ ಕೆರಿಬಿಯನ್ ತೀರಗಳಿಗೆ ಸಾರ್ಗ್ಯಾಸಮ್ ಅನ್ನೋ ಕಂದು ಬಣ್ಣದ ತೇಲುವ ಪಾಚಿ ರಾಶಿ ರಾಶಿಯಾಗಿ ಬರ್ತಿದೆ. 2018ರಲ್ಲಿ ಉಪಗ್ರಹ ಚಿತ್ರ ನೋಡಿ ಅಳೆದಾಗ ಆಫ್ರಿಕಾದಿಂದ ಮೆಕ್ಸಿಕೋ ಕೊಲ್ಲಿಯವರೆಗೆ 8,850 ಕಿಲೋಮೀಟರ್ ಉದ್ದದ ಪಟ್ಟಿ ಕಂಡಿತ್ತು, ತೂಕ ಸುಮಾರು 2 ಕೋಟಿ ಟನ್. ನಡುಸಮುದ್ರದಲ್ಲಿ ಇದ್ದಾಗ ಮೀನು ಮರಿಗಳಿಗೆ ಅದೇ ಮನೆ. ದಡಕ್ಕೆ ಬಂದು ಕೊಳೆತರೆ ಹೈಡ್ರೋಜನ್ ಸಲ್ಫೈಡ್, ಅಂದರೆ ಕೆಮಿಸ್ಟ್ರಿ ಲ್ಯಾಬಿನ ಕೊಳೆತ ಮೊಟ್ಟೆ ವಾಸನೆ. ಬಾರ್ಬಡೋಸ್‌ನಲ್ಲಿ ಪೂರ್ವ ಮತ್ತು ದಕ್ಷಿಣ ತೀರಕ್ಕೆ ಇದರ ಹೊಡೆತ ಜಾಸ್ತಿ. ಜೆಸಿಬಿ ತಂದು ಬಾಚಿದರೆ ಪಾಚಿ ಜೊತೆ ಮರಳೂ ಹೋಗುತ್ತೆ, ಆಮೆ ಮೊಟ್ಟೆಯಿಟ್ಟ ಗೂಡುಗಳೂ ಹಾಳಾಗ್ತವೆ. ಅದಕ್ಕೇ ಎಷ್ಟೋ ಕಡೆ ಕೈಯಿಂದಲೇ ಎತ್ತಬೇಕು.

ಅಲ್ಲಿಯ ಕೇವ್ ಹಿಲ್‌ನಲ್ಲಿರೋ ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯದವರು ಇದರಿಂದಲೇ ಇಂಧನ ತೆಗೆಯೋ ಪ್ರಯತ್ನ ಮಾಡಿದ್ದಾರೆ. ಸಾರ್ಗ್ಯಾಸಮ್, ರಮ್ ತಯಾರಿಕೆಯಲ್ಲಿ ಉಳಿಯೋ ತ್ಯಾಜ್ಯ ನೀರು, ಊರಿನ ಬ್ಲ್ಯಾಕ್‌ಬೆಲ್ಲಿ ಕುರಿಯ ಹಿಕ್ಕೆ, ಮೂರನ್ನೂ ಸೇರಿಸಿ ಬಯೋಗ್ಯಾಸ್ ಮಾಡಿ ಕಾರ್ ಓಡಿಸಿ ತೋರಿಸಿದ್ದಾರೆ. ಫೈನಲ್ ಇಯರ್ ಪ್ರಾಜೆಕ್ಟ್‌ಗೆ ಐಡಿಯಾ ಇಲ್ಲ ಅಂತ ಅಳೋರು ಗಮನಿಸಿ.

ಪೂರ್ವದ ಕಡೆ ಹೋದರೆ ಹುಷಾರು

ಅಕ್ರಾ ನೋಡಿ ಧೈರ್ಯ ಬಂದು ಪೂರ್ವ ತೀರದ ಬಾತ್‌ಶೀಬಾಕ್ಕೆ ಹೋದರೆ ಅಲ್ಲಿ ಲೆಕ್ಕಾಚಾರ ಬೇರೆ. ನೀರಲ್ಲಿ ನಿಂತ ಬೃಹತ್ ಬಂಡೆಗಳು, ಅಲೆ ಬುಡವನ್ನು ಕೊರೆದೂ ಕೊರೆದೂ ಅಣಬೆ ಆಕಾರಕ್ಕೆ ಬಂದಿವೆ. ಬಂಡೆಗೇ ಹಾಗೆ ಮಾಡಿದ ನೀರು ನಮ್ಮನ್ನು ಬಿಡುತ್ತಾ? ಸರ್ಫಿಂಗ್ ಗೊತ್ತಿರೋರಿಗೆ ಅದು ಸ್ವರ್ಗ. ಉಳಿದವರು ಬಂಡೆಗಳ ನಡುವಿನ ಸಣ್ಣ ಹೊಂಡಗಳಲ್ಲಿ ಕೂತು ತೃಪ್ತಿಪಡ್ತಾರೆ.

ಅಪಾಯ ಇರೋದು ಅಲೆ ಒಳಗೆ ಬರೋದಕ್ಕಿಂತ ಹೊರಗೆ ಹೋಗೋದರಲ್ಲಿ. ಅಲೆಗಳು ದಡಕ್ಕೆ ತಂದು ಸುರಿದ ನೀರು ಎಲ್ಲಾದರೂ ವಾಪಸ್ ಹೋಗಲೇಬೇಕು. ಅದು ಕಿರಿದಾದ ಒಂದು ಕಾಲುವೆ ಹಿಡಿದು ಜೋರಾಗಿ ನುಗ್ಗುತ್ತೆ. ಇದೇ ರಿಪ್ ಕರೆಂಟ್. ಅದರಲ್ಲಿ ಸಿಕ್ಕಿದರೆ ದಡದ ಕಡೆಗೆ ಈಜಬೇಡಿ, ಒಳ್ಳೆ ಈಜುಗಾರರೂ ಸೋತುಹೋಗ್ತಾರೆ. ಗಾಬರಿಯಾಗದೆ ತೇಲಿ. ಆಮೇಲೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳೆತದಿಂದ ಹೊರಬಂದು ದಡಕ್ಕೆ ತಿರುಗಿ. ಈ ಒಂದು ಪ್ಯಾರಾವನ್ನು ಬಾರ್ಬಡೋಸ್‌ಗೆ ಹೋಗದವರೂ ನೆನಪಿಟ್ಟುಕೊಳ್ಳಿ. ಟ್ರಿಪ್ ಹೋದಾಗ ಸಮುದ್ರಕ್ಕೆ ಇಳಿಯೋರು ನಾವೂ ಇದ್ದೇವೆ.

ಕೊನೆಗೆ

ಬಾರ್ಬಡೋಸ್‌ನ ಜನ ಬೀಚನ್ನು ಕಾನೂನಿನಿಂದ ಮಾತ್ರ ಉಳಿಸಿಕೊಂಡಿಲ್ಲ. ಹಾಡುಗಾರ ಹಾಡು ಕಟ್ಟಿದ. ಎಂಜಿನಿಯರ್ ಗೋಡೆಯ ಬದಲು ಇಳಿಜಾರು ಬಂಡೆ ಇಟ್ಟ. ಯಾರೋ ಮ್ಯಾನ್‌ಹೋಲ್‌ಗೆ ಇಳಿದು ಪೈಪ್ ಸರಿಮಾಡಿದರು. ಯಾರೋ ಬೆಳಗ್ಗೆ ಬಂದು ಪಾಚಿ ಎತ್ತಿದರು. ಇಷ್ಟೆಲ್ಲ ಆದ ಮೇಲೂ ಎಲ್ಲಕ್ಕಿಂತ ಮುಖ್ಯವಾದ ಕೆಲಸ ಇನ್ನೊಂದು ಉಳಿಯುತ್ತೆ: ಜನ ದಿನಾ ಅಲ್ಲಿಗೆ ಹೋಗ್ತಾ ಇರೋದು. ಯಾರೂ ನಡೆಯದ ಓಣಿಗೆ ಗೇಟ್ ಹಾಕೋದು ಸುಲಭ. ದಿನಾ ಬೆಳಗ್ಗೆ ಟವೆಲ್ ಹೆಗಲಿಗೆ ಹಾಕ್ಕೊಂಡು ಸೀ ಬಾತ್‌ಗೆ ಹೋಗೋ ಅಜ್ಜಿಯಂದಿರು ಇರೋ ಓಣಿಗೆ ಯಾರು ಗೇಟ್ ಹಾಕ್ತಾರೆ, ನೋಡೋಣ!

ಮುಂದಿನ ಸಲ ವೆಸ್ಟ್ ಇಂಡೀಸ್ ಮ್ಯಾಚ್‌ನಲ್ಲಿ ಆ ನೀಲಿ ಸಮುದ್ರ ತೋರಿಸಿದಾಗ ತೆಂಗಿನ ಮರ ಬಿಟ್ಟು ಬೇರೆ ಕಡೆ ಕಣ್ಣುಹಾಯಿಸಿ. ಮರಳು ಎಷ್ಟು ಅಗಲ ಇದೆ? ಕಟ್ಟಡ ನೀರಿನಿಂದ ಎಷ್ಟು ದೂರ ಇದೆ? ನಡುವೆ ಓಡಾಡೋಕೆ ದಾರಿ ಇದೆಯಾ? ಎರಡು ಸೆಕೆಂಡಿನ ಶಾಟ್‌ನಲ್ಲೂ ಬೀಚ್ ಯಾರದ್ದು ಅನ್ನೋದು ಅರ್ಧಂಬರ್ಧ ಗೊತ್ತಾಗಿಬಿಡುತ್ತೆ.